ಕಥೆಯಲ್ಲಿ ಸತ್ತವರು ಸಿನಿಮಾದಲ್ಲಿ ಬದುಕಿದರು

ಹೋದ ವರ್ಷ ಹಿಂದಿ ಮೇಡಂ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಮುನ್ಷಿ ಪ್ರೇಮಚಂದರ ಯಾವುದಾದರೂ ಒಂದು ಕಥೆ ಓದಿ ಎರಡು ಪುಟ ಬರೆದು ತರಬೇಕು. ನಾನು ‘ಶತರಂಜ್ ಕೆ ಖಿಲಾಡಿ’ ಆರಿಸಿಕೊಂಡೆ. ಅದಕ್ಕೆ ಕಾರಣ ಒಂದೇ, ಆ ಕಥೆಯ ಸಿನಿಮಾ ಇದೆ ಎಂದು ನನಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಬ್ಬಾ ಅವರ ಮೊಬೈಲಿನಲ್ಲಿ ಸಿನಿಮಾ ನೋಡಿದೆ, ರಾತ್ರಿ ಎರಡು ಪುಟ ಬರೆದೆ. ಕೊನೆಯ ಪ್ಯಾರಾದಲ್ಲಿ, ಇಬ್ಬರು ಗೆಳೆಯರೂ ಜಗಳ ಮರೆತು ಮತ್ತೆ ಆಟಕ್ಕೆ ಕುಳಿತರು ಎಂದು ಅಕ್ಷರ ದುಂಡಗೆ ಮಾಡಿ ಬರೆದಿದ್ದೆ.

ಪೇಪರ್ ವಾಪಸ್ ಬಂದಾಗ ಆ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಮೇಡಂ ತರಗತಿಯಲ್ಲಿ ಏನೂ ಹೇಳಲಿಲ್ಲ. ಸಂಜೆ ಲೈಬ್ರರಿಗೆ ಹೋಗಿ ಪುಸ್ತಕ ತೆಗೆದು ನೋಡಿದರೆ, ಕಥೆಯಲ್ಲಿ ಇಬ್ಬರೂ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ! ನಾನು ಸತ್ತವರನ್ನು ಬದುಕಿಸಿ ಮಾರ್ಕ್ಸ್ ಕೇಳಿದ್ದೆ. ಇನ್ನೂ ನಾಚಿಕೆಯ ವಿಷಯವೆಂದರೆ, ಆ ಕಥೆ ಓದಲು ಅರ್ಧ ಗಂಟೆ ಸಾಕು. ಸಿನಿಮಾ ನೋಡಲು ಎರಡು ಗಂಟೆ ಕಳೆದಿದ್ದೆ.

ಆ ಕೆಂಪು ಗೆರೆಯ ದೆಸೆಯಿಂದ ಪ್ರೇಮಚಂದರ ಕಥೆಗಳನ್ನು ಒಂದೊಂದಾಗಿ ಓದಿದೆ, ಅವುಗಳಿಂದ ಮಾಡಿದ ಸಿನಿಮಾಗಳಲ್ಲಿ ಸಿಕ್ಕಷ್ಟನ್ನು ನೋಡಿದೆ, ಕೊನೆಗೆ ಅವರ ಜೀವನದ ಕಡೆಗೂ ತಿರುಗಿದೆ. ‘ಈದ್‌ಗಾಹ್’ ಕಥೆಯ ಹಾಮಿದ್ ನಮ್ಮಲ್ಲಿ ಬಹಳ ಜನರಿಗೆ ಪರಿಚಯ. ಮೂರು ಪೈಸೆಯಲ್ಲಿ ಮಿಠಾಯಿ, ಆಟಿಕೆ ಏನೂ ಕೊಳ್ಳದೆ, ರೊಟ್ಟಿ ಬೇಯಿಸುವಾಗ ಅಜ್ಜಿಯ ಕೈ ಸುಡಬಾರದೆಂದು ಇಕ್ಕಳ ಕೊಂಡು ತಂದ ಹುಡುಗ. ಆ ಹುಡುಗನನ್ನು ಸೃಷ್ಟಿಸಿದವರು ಎಂಥವರು ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಅವರ ನಿಜವಾದ ಹೆಸರು ಧನಪತ್ ರಾಯ್. ಹುಟ್ಟಿದ್ದು 1880ರ ಜುಲೈ 31ರಂದು, ಕಾಶಿಯ ಹತ್ತಿರದ ಲಮಹಿ ಎಂಬ ಹಳ್ಳಿಯಲ್ಲಿ. ತಂದೆ ಅಜಾಯಬ್ ಲಾಲ್ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು ನವಾಬ್. ಪಕ್ಕದ ಲಾಲ್‌ಪುರದಲ್ಲಿ ಒಬ್ಬ ಮೌಲವಿ ಸಾಹೇಬರ ಹತ್ತಿರ ಉರ್ದು, ಫಾರಸಿ ಕಲಿತರು. ಆ ಮೌಲವಿ ಸಾಹೇಬರ ಕಸುಬು ಹೊಲಿಗೆ, ಮಕ್ಕಳಿಗೆ ಪಾಠ ಹೇಳುವುದು ಆಸಕ್ತಿಯ ಕೆಲಸ. ಹಿಂದಿಯ ದೊಡ್ಡ ಕಾದಂಬರಿಕಾರರು ಮೊದಲು ಕಲಿತದ್ದು, ಮೊದಲು ಬರೆದದ್ದು ಎರಡೂ ಉರ್ದುವಿನಲ್ಲೇ ಎಂಬುದು ನನಗೆ ಹೊಸ ವಿಷಯವಾಗಿತ್ತು.

ಏಳೆಂಟು ವರ್ಷಕ್ಕೇ ತಾಯಿ ತೀರಿಕೊಂಡರು. ತಂದೆ ಮತ್ತೆ ಮದುವೆಯಾದರು. ಮನೆಯಲ್ಲಿ ಪ್ರೀತಿ ಕಡಿಮೆಯಾದ ಹುಡುಗ ಕಥೆಗಳ ಕಡೆಗೆ ಓಡಿದ. ಗೋರಖ್‌ಪುರದಲ್ಲಿದ್ದಾಗ ತಂಬಾಕು ಅಂಗಡಿಯೊಂದರಲ್ಲಿ ಕುಳಿತು ‘ತಿಲಿಸ್ಮ್-ಎ-ಹೋಶ್‌ರುಬಾ’ದ ಮಾಯಾಮಂತ್ರದ ಕಥೆಗಳನ್ನು ಕೇಳುತ್ತಿದ್ದ. ಪುಸ್ತಕ ಕೊಳ್ಳಲು ದುಡ್ಡು ಎಲ್ಲಿಂದ ಬರಬೇಕು? ಅದಕ್ಕೂ ಒಂದು ದಾರಿ ಹುಡುಕಿಕೊಂಡ. ಒಬ್ಬ ಪುಸ್ತಕ ವ್ಯಾಪಾರಿಯಿಂದ ಇಂಗ್ಲಿಷ್ ಪಾಠಗಳ ಗೈಡುಗಳನ್ನು ತಂದು ತನ್ನ ಶಾಲೆಯ ಹುಡುಗರಿಗೆ ಮಾರಿಕೊಡುವುದು, ಅದಕ್ಕೆ ಪ್ರತಿಯಾಗಿ ಅಂಗಡಿಯ ಕಾದಂಬರಿಗಳನ್ನು ಮನೆಗೆ ಒಯ್ದು ಓದುವುದು. ಗೈಡು ಮಾರಿ ಕಾದಂಬರಿ ಓದಿದವರು ಅವರು. ನಾವು ಗೈಡನ್ನೇ ಓದಿ ಪುಸ್ತಕ ಬಿಡುತ್ತೇವೆ.

ಹದಿನೈದಕ್ಕೆ ಮದುವೆಯಾಯಿತು, ಅದು ಸುಖದ ಮದುವೆಯಾಗಲಿಲ್ಲ. 1897ರಲ್ಲಿ ತಂದೆಯೂ ತೀರಿಕೊಂಡರು. ಮನೆಯ ಭಾರವೆಲ್ಲ ಮೆಟ್ರಿಕ್ ಹುಡುಗನ ಮೇಲೆ ಬಿತ್ತು. ಬನಾರಸಿನಲ್ಲಿ ಒಬ್ಬ ವಕೀಲರ ಮಗನಿಗೆ ತಿಂಗಳಿಗೆ 5 ರೂಪಾಯಿಗೆ ಟ್ಯೂಷನ್ ಹೇಳುತ್ತಿದ್ದರು, ಅದರಲ್ಲೇ ಮನೆಗೂ ಕಳುಹಿಸಬೇಕಿತ್ತು. ಕಾಲೇಜು ಸೇರಬೇಕೆಂಬ ಆಸೆಗೆ ಗಣಿತ ಅಡ್ಡ ಬಂತು. ಮುಂದೆಯೂ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ, ಅಂದರೆ ಈಗಿನ ನಮ್ಮ ಪಿಯುಸಿಯಲ್ಲಿ, ಅವರು ಗಣಿತದಿಂದಾಗಿಯೇ ಫೇಲಾದರು. ಗಣಿತ ಕಡ್ಡಾಯವಲ್ಲ ಎಂದಾದ ಮೇಲೆ, 1916ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ಇಂಟರ್ ಪಾಸಾದರು. ಬಿ.ಎ. ಆದದ್ದು 1919ರಲ್ಲಿ. ಈ ಸಂಗತಿಯನ್ನು ನಾನು ನಮ್ಮ ಕಾಮರ್ಸ್ ವಿಭಾಗದ ಕೆಲವು ಗೆಳತಿಯರಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಅದೇ ಗಣಿತ ಒಂದು ಉಪಕಾರವನ್ನೂ ಮಾಡಿತು. ಒಂದು ದಿನ ಕೈಯಲ್ಲಿ ಕಾಸಿಲ್ಲದೆ, ಚಕ್ರವರ್ತಿ ಎಂಬುವರ ಅಂಕಗಣಿತದ ಗೈಡನ್ನು ಮಾರಲು ಅಂಗಡಿಗೆ ಹೋದರು. ಎರಡು ರೂಪಾಯಿಯ ಪುಸ್ತಕ ಒಂದು ರೂಪಾಯಿಗೆ ಹೋಯಿತು. ಅಂಗಡಿಯಿಂದ ಇಳಿಯುವಾಗ ಅಲ್ಲಿ ಕುಳಿತಿದ್ದ ದೊಡ್ಡ ಮೀಸೆಯ ಗಂಭೀರ ಮನುಷ್ಯರೊಬ್ಬರು ಮಾತನಾಡಿಸಿದರು. ಅವರು ಚುನಾರ್ ಎಂಬ ಊರಿನ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರು, ಮೇಷ್ಟ್ರೊಬ್ಬರನ್ನು ಹುಡುಕುತ್ತಿದ್ದರು. ತಿಂಗಳಿಗೆ 18 ರೂಪಾಯಿ ಸಂಬಳದ ಕೆಲಸ ಅಲ್ಲೇ ಸಿಕ್ಕಿತು. ಇದು ಸಿನಿಮಾದಲ್ಲಿ ಬಂದಿದ್ದರೆ ಎಲ್ಲಾದರೂ ಹೀಗಾಗುತ್ತದೆಯೇ ಎಂದು ನಾವು ನಗುತ್ತಿದ್ದೆವು. ಆದರೆ ಇದು ಅವರ ಜೀವನದಲ್ಲೇ ನಡೆದದ್ದು.

1900ರಲ್ಲಿ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತು. ಬಹರಾಯಿಚ್, ಪ್ರತಾಪ್‌ಗಢ, ಅಲಾಹಾಬಾದ್, ಕಾನ್ಪುರ ಎಂದು ವರ್ಗವಾಗುತ್ತ ಹೋದರು. ಕಾನ್ಪುರದಲ್ಲಿ ‘ಜಮಾನಾ’ ಎಂಬ ಉರ್ದು ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮ್ ಅವರ ಜೀವದ ಗೆಳೆಯರಾದರು. 1906ರಲ್ಲಿ, ಸಮಾಜದ ಮಾತಿಗೆ ಕಿವಿಗೊಡದೆ ಶಿವರಾಣಿ ದೇವಿ ಎಂಬ ಬಾಲವಿಧವೆಯನ್ನು ಮದುವೆಯಾದರು. ಶಿವರಾಣಿ ದೇವಿಯವರೂ ಮುಂದೆ ಕಥೆ ಬರೆದರು, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಧರಣಿ ಕುಳಿತು ಜೈಲಿಗೂ ಹೋಗಿಬಂದರು. ಗಂಡನ ಬಗ್ಗೆ ಅವರು ಬರೆದ ‘ಪ್ರೇಮಚಂದ್ ಘರ್ ಮೇಂ’ ನಮ್ಮ ಲೈಬ್ರರಿಯಲ್ಲಿ ಇಲ್ಲ, ತರಿಸಿಕೊಡಬೇಕೆಂದು ಲೈಬ್ರೇರಿಯನ್ ಸರ್‌ಗೆ ಇಲ್ಲಿಂದಲೇ ಕೇಳಿಕೊಳ್ಳುತ್ತೇನೆ.

ಹೆಸರು ಬದಲಾದ ಕಥೆ ಹೀಗಿದೆ. ನವಾಬ್ ರಾಯ್ ಎಂಬ ಹೆಸರಿನಲ್ಲಿ ಅವರು ‘ಸೋಜ್-ಎ-ವತನ್’ ಎಂಬ ಐದು ಉರ್ದು ಕಥೆಗಳ ಸಣ್ಣ ಸಂಕಲನ ತಂದರು. ದೇಶಪ್ರೇಮದ ಕಥೆಗಳು. ಅವರು ಹಮೀರ್‌ಪುರ ಜಿಲ್ಲೆಯಲ್ಲಿ ಶಾಲೆಗಳ ಸಬ್ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದಾಗ ಕಲೆಕ್ಟರ್ ಕಡೆಯಿಂದ ಕರೆ ಬಂತು. ಎತ್ತಿನ ಗಾಡಿ ಕಟ್ಟಿಸಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಹೋಗಿ ನಿಂತರು. ಪುಸ್ತಕ ಕಲೆಕ್ಟರ್ ಮುಂದೆ ಇತ್ತು. ಬೈಗುಳವಾಯಿತು, ಮೊಗಲರ ಕಾಲವಾಗಿದ್ದರೆ ಕೈ ಕತ್ತರಿಸುತ್ತಿದ್ದರು ಎಂಬ ಬೆದರಿಕೆಯೂ ಆಯಿತು. ಉಳಿದ ಪ್ರತಿಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕಾಯಿತು, ಅವುಗಳನ್ನು ಸುಟ್ಟುಹಾಕಿದರು. ಇನ್ನು ಮುಂದೆ ಏನು ಬರೆದರೂ ಮೊದಲು ಅಧಿಕಾರಿಗಳಿಗೆ ತೋರಿಸಬೇಕು ಎಂಬ ಷರತ್ತು ಬಿತ್ತು. ಆಗ ನಿಗಮ್ ಹೊಸ ಹೆಸರೊಂದನ್ನು ಸೂಚಿಸಿದರು. 1910ರ ಕೊನೆಗೆ ‘ಜಮಾನಾ’ದಲ್ಲಿ ಬಂದ ‘ಬಡೆ ಘರ್ ಕಿ ಬೇಟಿ’ ಕಥೆಯ ಕೆಳಗೆ ಮೊದಲ ಬಾರಿಗೆ ಪ್ರೇಮಚಂದ್ ಎಂಬ ಹೆಸರು ಕಾಣಿಸಿತು. ನವಾಬ್ ರಾಯ್ ಅಲ್ಲಿಗೆ ಮುಗಿದರು.

ಮುಂದೆ ಅವರು ಹಿಂದಿಯಲ್ಲೂ ಬರೆಯತೊಡಗಿದರು. ಉರ್ದುವಿನಲ್ಲಿ ಪ್ರಕಾಶಕರು ಸಿಗುವುದು ಕಷ್ಟವಾಗಿತ್ತು. ‘ಬಾಜಾರ್-ಎ-ಹುಸ್ನ್’ ಎಂದು ಉರ್ದುವಿನಲ್ಲಿ ಬರೆದ ಕಾದಂಬರಿ ಮೊದಲು ಅಚ್ಚಾದದ್ದು ಹಿಂದಿಯಲ್ಲಿ, ‘ಸೇವಾಸದನ’ ಎಂಬ ಹೆಸರಿನಲ್ಲಿ. 1921ರ ಫೆಬ್ರವರಿಯಲ್ಲಿ ಗಾಂಧೀಜಿ ಗೋರಖ್‌ಪುರಕ್ಕೆ ಬಂದಾಗ ಕಾಯಿಲೆಯಿಂದ ಎದ್ದಿದ್ದ ಪ್ರೇಮಚಂದ್ ಹೆಂಡತಿ ಮಕ್ಕಳೊಂದಿಗೆ ಭಾಷಣ ಕೇಳಲು ಹೋದರು. ಕೆಲವೇ ದಿನಗಳಲ್ಲಿ ಇಪ್ಪತ್ತು ವರ್ಷದ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟರು. ಆಮೇಲೆ ಬನಾರಸಿನಲ್ಲಿ ಸರಸ್ವತಿ ಪ್ರೆಸ್ ಹಾಕಿದರು, 1930ರಲ್ಲಿ ‘ಹಂಸ್’ ಪತ್ರಿಕೆ ತೆಗೆದರು. ಎರಡೂ ಸಾಲ ತಂದವೇ ಹೊರತು ಲಾಭ ತರಲಿಲ್ಲ.

ಈಗ ಆ ಶತರಂಜ್ ಕಥೆಗೆ ಬರುತ್ತೇನೆ. ಹಿಂದಿಯಲ್ಲಿ ಅದು ಬಂದದ್ದು 1924ರಲ್ಲಿ. 1856ರ ಲಖನೌ. ನವಾಬ್ ವಾಜಿದ್ ಅಲಿ ಶಾಹ್ ಅವರ ಅವಧ್ ರಾಜ್ಯವನ್ನು ಕಂಪನಿ ಸರ್ಕಾರ ನುಂಗಲು ಹೊರಟಿದೆ. ಮಿರ್ಜಾ ಮತ್ತು ಮೀರ್ ಎಂಬ ಇಬ್ಬರು ಜಾಗೀರ್‌ದಾರರಿಗೆ ಮಾತ್ರ ಚದುರಂಗದ ಹೊರತು ಬೇರೆ ಲೋಕವೇ ಇಲ್ಲ. ಮನೆಯಲ್ಲಿ ಬೇಗಂ ಸಾಹಿಬಾರ ಕಾಟ ತಡೆಯದೆ ಗೋಮತಿ ನದಿಯಾಚೆಯ ಪಾಳು ಮಸೀದಿಯೊಂದರಲ್ಲಿ ಕುಳಿತು ಆಡುತ್ತಾರೆ. ನವಾಬರನ್ನು ಸೈನ್ಯ ಸೆರೆಹಿಡಿದು ಒಯ್ಯುತ್ತದೆ, ಇವರು ಕತ್ತೆತ್ತಿ ನೋಡಿ ನಿಟ್ಟುಸಿರು ಬಿಟ್ಟು ಮತ್ತೆ ಕಾಯಿ ನಡೆಸುತ್ತಾರೆ. ಸಂಜೆಯಾಗುವಾಗ ಒಂದು ನಡೆಯ ಬಗ್ಗೆ ತಕರಾರು ಶುರುವಾಗಿ, ಒಬ್ಬರ ಮನೆತನ ಹುಲ್ಲು ಕೊಯ್ಯುವವರದು, ಇನ್ನೊಬ್ಬರದು ಅಡುಗೆಯವರದು ಎನ್ನುವವರೆಗೆ ಹೋಗಿ, ಕತ್ತಿ ಹೊರಬರುತ್ತದೆ. ದೊರೆಗಾಗಿ ಒಂದು ಹನಿ ಕಣ್ಣೀರು ಹಾಕದವರು ಮರದ ಕಾಯಿಗಳಿಗಾಗಿ ಪ್ರಾಣ ಕೊಡುತ್ತಾರೆ. ಪ್ರೇಮಚಂದರಿಗೆ ಇವರ ಮೇಲೆ ಕನಿಕರವಿಲ್ಲ, ಕೋಪವಿದೆ. ಅದು ನೌಕರಿ ಬಿಟ್ಟು ಚಳವಳಿಯ ಜೊತೆ ನಿಂತ ಮನುಷ್ಯನ ಕೋಪ ಎಂದು ಅವರ ಜೀವನ ಓದಿದ ಮೇಲೆ ನನಗೆ ಅರ್ಥವಾಯಿತು.

ಸತ್ಯಜಿತ್ ರಾಯ್ 1977ರಲ್ಲಿ ಇದನ್ನು ಸಿನಿಮಾ ಮಾಡಿದರು. ಸಂಜೀವ್ ಕುಮಾರ್ ಮಿರ್ಜಾ, ಸಯೀದ್ ಜಾಫ್ರಿ ಮೀರ್. ಕಥೆಯಲ್ಲಿ ವಾಜಿದ್ ಅಲಿ ಶಾಹ್ ದೂರದಲ್ಲಿ ಹಾದುಹೋಗುವ ಮನುಷ್ಯ ಅಷ್ಟೇ. ಸಿನಿಮಾದಲ್ಲಿ ಅವರು ಅರ್ಧ ಕಥೆಯನ್ನೇ ಆಕ್ರಮಿಸಿಕೊಂಡಿದ್ದಾರೆ. ಪಾತ್ರ ಮಾಡಿದವರು ಅಮ್ಜದ್ ಖಾನ್, ಹೌದು, ‘ಶೋಲೆ’ಯ ಗಬ್ಬರ್ ಸಿಂಗ್! ಕವಿತೆ, ಸಂಗೀತ, ಕಥಕ್ ಬಲ್ಲ ದೊರೆ, ರಾಜ್ಯವಾಳಲು ಬಾರದ ದೊರೆ. ಕೊನೆಗೆ ಒಪ್ಪಂದಕ್ಕೆ ಸಹಿ ಹಾಕದೆ ತನ್ನ ಕಿರೀಟವನ್ನೇ ಬ್ರಿಟಿಷ್ ಅಧಿಕಾರಿ ಔಟ್‌ರಾಮ್ ಮುಂದೆ ಹಿಡಿಯುವ ದೃಶ್ಯ ನನ್ನನ್ನು ಬಹಳ ಹೊತ್ತು ಕಾಡಿತು. ಅದು ಕಥೆಯಲ್ಲಿಲ್ಲ. ಬೇಗಂ ಕಾಯಿಗಳನ್ನು ಬಚ್ಚಿಟ್ಟಾಗ ಟೊಮೆಟೊ, ನಿಂಬೆಹಣ್ಣು, ಮೆಣಸಿನಕಾಯಿ ಇಟ್ಟು ಆಡುವುದೂ ಕಥೆಯಲ್ಲಿಲ್ಲ. ಮಸೀದಿಯಂತೂ ಇವರು ಹುಡುಕಿಕೊಂಡು ಹೋದರೆ ಅಲ್ಲಿ ಇಲ್ಲವೇ ಇಲ್ಲ! ಹಳ್ಳಿಯ ಗುಡಿಸಲಿನ ಪಕ್ಕ ಕುಳಿತು ಆಡುತ್ತಾರೆ. ಜಗಳದಲ್ಲಿ ಮೀರ್ ಪಿಸ್ತೂಲು ಹಾರಿಸಿದರೂ ಗುಂಡು ಶಾಲಿಗೆ ತಾಗಿ ಹೋಗುತ್ತದೆ. ಆಮೇಲೆ ಇಬ್ಬರೂ ಇಂಗ್ಲಿಷರ ನಿಯಮದಂತೆ, ವಜೀರನ ಜಾಗದಲ್ಲಿ ರಾಣಿ ಇರುವ ಆಟಕ್ಕೆ ಕುಳಿತುಕೊಳ್ಳುತ್ತಾರೆ.

ಮೊದಲು ನನಗೆ ರಾಯ್ ಮೇಲೆ ಸಿಟ್ಟು ಬಂತು, ನನ್ನ ಅಸೈನ್‌ಮೆಂಟ್ ಕೆಡಿಸಿದರು ಅಂತ. ಎರಡನೇ ಸಲ ನೋಡಿದಾಗ ಬೇರೆಯೇ ಅನಿಸಿತು. ಪ್ರೇಮಚಂದ್ ಅವರನ್ನು ಕೊಂದು ಶಿಕ್ಷೆ ಕೊಟ್ಟರು, ರಾಯ್ ಅವರನ್ನು ಬದುಕಿಸಿ ಶಿಕ್ಷೆ ಕೊಟ್ಟರು. ಯಾವುದು ದೊಡ್ಡದು ಎಂದು ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಆದರೆ ಬೇಗಂ ಪಾತ್ರದ ಮಟ್ಟಿಗೆ ನನ್ನ ಓಟು ಸಿನಿಮಾಕ್ಕೆ. ಕಥೆಯಲ್ಲಿ ಮಿರ್ಜಾ ಸಾಹೇಬರ ಬೇಗಂ ರೇಗಾಡುವ ಹೆಂಡತಿಯಾಗಿ ಕಂಡರೆ, ಶಬಾನಾ ಆಜ್ಮಿ ಅವರ ಮುಖದಲ್ಲಿ ಒಂಟಿತನ ಕಾಣುತ್ತದೆ.

ಕಥೆ ಬರೆದವರಿಗೆ ಸಿನಿಮಾ ಬಗ್ಗೆ ಏನನ್ನಿಸುತ್ತಿತ್ತು? ಇದಕ್ಕೆ ಉತ್ತರ ಅವರ ಜೀವನದಲ್ಲೇ ಇದೆ. 1934ರಲ್ಲಿ ಪ್ರೆಸ್ಸಿನ, ಪತ್ರಿಕೆಯ ಸಾಲ ಕುತ್ತಿಗೆಗೆ ಬಂದಿದ್ದಾಗ ಬೊಂಬಾಯಿಯ ಅಜಂತಾ ಸಿನೆಟೋನ್ ಕಂಪನಿಯಿಂದ ಅವರಿಗೆ ಕರೆ ಬಂತು. ವರ್ಷಕ್ಕೆ 8,000 ರೂಪಾಯಿ. ದಾದರ್‌ನಲ್ಲಿ ಮನೆ ಮಾಡಿದರು. ಮೋಹನ್ ಭವನಾನಿ ನಿರ್ದೇಶಿಸಿದ ‘ಮಜ್ದೂರ್’ ಚಿತ್ರಕ್ಕೆ ಕಥೆ ಬರೆದರು. ಗಿರಣಿ ಕಾರ್ಮಿಕರ ಮುಷ್ಕರದ ಕಥೆ. ಒಂದು ಸಣ್ಣ ಪಾತ್ರದಲ್ಲಿ ತಾವೇ ಕಾಣಿಸಿಕೊಂಡರು. ಗಿರಣಿಗಳ ಊರಾದ ಬೊಂಬಾಯಿಯಲ್ಲೇ ಸೆನ್ಸಾರ್ ಮಂಡಳಿ ಅದನ್ನು ನಿಷೇಧಿಸಿತು. ಬೇರೆ ಊರುಗಳಲ್ಲಿ ಬಿಡುಗಡೆಯಾದರೂ ಹೆಚ್ಚು ದಿನ ಉಳಿಯಲಿಲ್ಲ. ಸಂಬಳ ಬಾಕಿಯಿದ್ದ ಕಾರಣ ಬನಾರಸಿನಲ್ಲಿ ಅವರದೇ ಪ್ರೆಸ್ಸಿನ ಕೆಲಸಗಾರರು ಮುಷ್ಕರ ಹೂಡಿದ್ದೂ ಆ ದಿನಗಳಲ್ಲೇ. ಮುಷ್ಕರದ ಕಥೆ ಬರೆದವರೇ ಮಾಲೀಕರಾಗಿ ನಿಲ್ಲಬೇಕಾಯಿತು. ಕೈಯಲ್ಲಿ ದುಡ್ಡಿಲ್ಲದ ಮಾಲೀಕ. ಇದನ್ನು ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

‘ಸೇವಾಸದನ’ ಕೂಡ ಆಗಲೇ ಹಿಂದಿ ಸಿನಿಮಾ ಆಯಿತು, ಅದು ಅವರಿಗೆ ಹಿಡಿಸಲಿಲ್ಲ. ಸಿನಿಮಾದಲ್ಲಿ ಲೇಖಕನ ಮಾತಿಗೆ ಬೆಲೆಯಿಲ್ಲ, ನಿರ್ದೇಶಕರದೇ ರಾಜ್ಯ, ಜನರಿಗೆ ಏನು ಕೊಡಬೇಕೆಂಬುದನ್ನು ದುಡ್ಡು ತೀರ್ಮಾನಿಸುತ್ತದೆ ಎಂದು ಗೆಳೆಯರಿಗೆ ಪತ್ರಗಳಲ್ಲಿ ನೋವು ತೋಡಿಕೊಂಡರು. ವರ್ಷ ತುಂಬುವ ಮೊದಲೇ, 1935ರ ಏಪ್ರಿಲ್‌ನಲ್ಲಿ ಬೊಂಬಾಯಿ ಬಿಟ್ಟರು. ‘ಮಜ್ದೂರ್’ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅವರು ನಡೆದಾಡಿ ಮಾತನಾಡಿದ ಆ ಕೆಲವು ನಿಮಿಷಗಳು ನಮಗೆ ನೋಡಲು ಸಿಗುವುದಿಲ್ಲ. ಅದೇ ‘ಸೇವಾಸದನ’ 1938ರಲ್ಲಿ ತಮಿಳಿನಲ್ಲಿ ಬಂದು, ಎಂ.ಎಸ್. ಸುಬ್ಬುಲಕ್ಷ್ಮಿಯವರ ಮೊದಲ ಚಿತ್ರವಾಯಿತು. ಅದನ್ನು ನೋಡಲು ಅವರಿರಲಿಲ್ಲ.

ರಾಯ್ ಅವರು ಪ್ರೇಮಚಂದರ ಇನ್ನೊಂದು ಕಥೆಯನ್ನೂ ಚಿತ್ರ ಮಾಡಿದ್ದಾರೆ, 1981ರಲ್ಲಿ ದೂರದರ್ಶನಕ್ಕಾಗಿ, ‘ಸದ್ಗತಿ’. ಒಂದು ಗಂಟೆಯೂ ಇಲ್ಲದ ಚಿತ್ರ. ಚಮ್ಮಾರ ದುಖಿ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಪಂಡಿತರ ಮನೆಗೆ ಹೋಗುತ್ತಾನೆ. ಪಂಡಿತರು ಹಸಿದ ಹೊಟ್ಟೆಯಲ್ಲಿ ಅವನಿಂದ ಗಂಟುಗಂಟಾದ ಮರದ ಕೊರಡನ್ನು ಒಡೆಸುತ್ತಾರೆ. ಕೊರಡಿನ ಮುಂದೆಯೇ ಅವನು ಸಾಯುತ್ತಾನೆ. ಅವನ ಕೇರಿಯವರು ಹೆಣ ಎತ್ತಲು ಬರುವುದಿಲ್ಲ. ಮುಟ್ಟಬಾರದು ಎಂದಿದ್ದ ಪಂಡಿತರು ಕಾಲಿಗೆ ಹಗ್ಗದ ಕುಣಿಕೆ ಹಾಕಿ ಎಳೆದುಕೊಂಡು ಹೋಗುತ್ತಾರೆ. ಓಂ ಪುರಿ ದುಖಿಯಾಗಿ, ಸ್ಮಿತಾ ಪಾಟೀಲ್ ಹೆಂಡತಿ ಝುರಿಯಾ ಆಗಿ ನಟಿಸಿದ್ದಾರೆ. ಶತರಂಜ್‌ನಲ್ಲಿ ಅಷ್ಟೆಲ್ಲ ಬದಲಾಯಿಸಿದ ರಾಯ್ ಇಲ್ಲಿ ಹೆಚ್ಚೇನೂ ಬದಲಾಯಿಸಿಲ್ಲ. ಈ ಕಥೆಗೆ ಸೇರಿಸುವುದಕ್ಕೂ ತೆಗೆಯುವುದಕ್ಕೂ ಏನೂ ಇರಲಿಲ್ಲ ಎಂದು ನನಗನಿಸುತ್ತದೆ. ಕೊಡಲಿಯ ಏಟಿನ ಸದ್ದು ಮಾತ್ರ ಪುಸ್ತಕದಲ್ಲಿ ಕೇಳಿಸಿರಲಿಲ್ಲ, ಸಿನಿಮಾ ನೋಡಿದ ಮೇಲೆ ಪುಸ್ತಕದಲ್ಲೂ ಕೇಳಿಸುತ್ತದೆ.

‘ಕಫನ್’ ಅವರ ಕೊನೆಯ ದೊಡ್ಡ ಕಥೆಗಳಲ್ಲೊಂದು. ಮೊದಲು ಉರ್ದುವಿನಲ್ಲೇ ಬಂತು, 1935ರ ಡಿಸೆಂಬರ್‌ನಲ್ಲಿ ‘ಜಾಮಿಯಾ’ ಪತ್ರಿಕೆಯಲ್ಲಿ. ಹೆರಿಗೆ ನೋವಿನಲ್ಲಿ ಸೊಸೆ ಒಳಗೆ ಸಾಯುತ್ತಿದ್ದರೆ ಹೊರಗೆ ಬೆಂಕಿಯ ಮುಂದೆ ಅಪ್ಪ ಮಗ ಆಲೂಗಡ್ಡೆ ಸುಟ್ಟು ತಿನ್ನುತ್ತಾರೆ, ಆಮೇಲೆ ಹೆಣದ ಬಟ್ಟೆಗೆಂದು ಕೂಡಿಸಿದ ದುಡ್ಡನ್ನು ಕುಡಿದು ಮುಗಿಸುತ್ತಾರೆ. ಇದನ್ನು ಮೃಣಾಲ್ ಸೇನ್ 1977ರಲ್ಲಿ ‘ಒಕ ಊರಿ ಕಥ’ ಎಂದು ತೆಲುಗಿನಲ್ಲಿ ಮಾಡಿದರು. ಅಪ್ಪನ ಪಾತ್ರ ಮಾಡಿದವರು ನಮ್ಮ ಎಂ.ವಿ. ವಾಸುದೇವ ರಾವ್, ‘ಚೋಮನ ದುಡಿ’ಯ ಚೋಮ! ಶಿವರಾಮ ಕಾರಂತರ ಕಾದಂಬರಿಯ ಚೋಮ ಒಂದು ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂದು ಹಂಬಲಿಸಿ ಸತ್ತವನು. ಅದೇ ಮನುಷ್ಯ ಎರಡು ವರ್ಷದ ನಂತರ ತೆಲುಗಿನಲ್ಲಿ, ದುಡಿದರೆ ಲಾಭ ಧಣಿಗೆ ತಾನೇ, ಆದ್ದರಿಂದ ದುಡಿಯುವುದೇ ಇಲ್ಲ ಎಂದು ಹಠ ಹಿಡಿದು ಕುಳಿತವನಾದರು. ಒಂದರ ಹಿಂದೊಂದು ನೋಡಿದಾಗ ಚೋಮನೇ ಆಸೆ ಬಿಟ್ಟು ಹೀಗಾದನೇನೋ ಅನಿಸಿತು. ಸೊಸೆಗೆ ಸಿನಿಮಾದಲ್ಲಿ ಮುಖವಿದೆ, ಮಾತಿದೆ. ಕಥೆಯಲ್ಲಿ ಅವಳ ನರಳಾಟ ಮಾತ್ರ ಇದೆ.

‘ಗೋದಾನ್’ ಕಾದಂಬರಿಯ ಚಿತ್ರ 1963ರಲ್ಲಿ ಬಂದಿದೆ, ರಾಜ್‌ಕುಮಾರ್ ಹೋರಿಯ ಪಾತ್ರದಲ್ಲಿ (ಇವರು ನಮ್ಮ ಡಾ. ರಾಜ್ ಅಲ್ಲ, ಹಿಂದಿಯವರು). ಈ ಸಲ ಪುಸ್ತಕ ಮುಗಿಸುವವರೆಗೆ ಸಿನಿಮಾ ಮುಟ್ಟುವುದಿಲ್ಲ ಎಂದು ನಿರ್ಧಾರ ಮಾಡಿದ್ದೇನೆ.

‘ಗೋದಾನ್’ ಅಚ್ಚಾದದ್ದು 1936ರಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಬೇಸಿಗೆ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದರು. ‘ಮಂಗಳಸೂತ್ರ’ ಎಂಬ ಕಾದಂಬರಿ ಅರ್ಧಕ್ಕೆ ನಿಂತಿತು. 1936ರ ಅಕ್ಟೋಬರ್ 8ರಂದು ಬನಾರಸಿನಲ್ಲಿ ತೀರಿಕೊಂಡರು. ಐವತ್ತಾರು ವರ್ಷ. ಸುಮಾರು ಮುನ್ನೂರು ಕಥೆ, ಹನ್ನೆರಡರಷ್ಟು ಕಾದಂಬರಿ.

ಅಸೈನ್‌ಮೆಂಟನ್ನು ಮತ್ತೆ ಬರೆದುಕೊಟ್ಟೆ, ಮೇಡಂ ತೆಗೆದುಕೊಂಡರು. ಆದರೆ ಅದಕ್ಕಿಂತ ಮೊದಲು ಮನೆಯಲ್ಲಿ ಇನ್ನೊಂದು ನಡೆಯಿತು. ನಮ್ಮ ದಾದಾ ಉರ್ದು ಚೆನ್ನಾಗಿ ಓದಬಲ್ಲವರು, ಈಗ ಕಣ್ಣು ಮಂಜಾಗಿ ಅಕ್ಷರ ಕಾಣುವುದಿಲ್ಲ. ನನಗೆ ಕಣ್ಣಿದೆ, ಉರ್ದು ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ದೇವನಾಗರಿಯಲ್ಲಿದ್ದ ಕಥೆಯನ್ನು ನಾನು ಗಟ್ಟಿಯಾಗಿ ಓದಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ನಾನು ತಪ್ಪಾಗಿ ಉಚ್ಚರಿಸಿದ ಪದಗಳನ್ನು ಮಲಗಿದಲ್ಲಿಂದಲೇ ತಿದ್ದಿದರು. ಇದು ‘ಶತರಂಜ್ ಕಿ ಬಾಜಿ’ ಅಲ್ಲವಾ ಎಂದರು. ಹೌದು, ಉರ್ದುವಿನಲ್ಲಿ ಅದರ ಹೆಸರು ಅದೇ. ಕಾಲೇಜಿನಲ್ಲಿದ್ದಾಗ ಓದಿದ್ದರಂತೆ.

ಸಿನಿಮಾದಲ್ಲಿ ಅವರಿಬ್ಬರೂ ಸಾಯುವುದಿಲ್ಲ ದಾದಾ, ಎಂದೆ. ಅವರು ಎದ್ದು ಕುಳಿತರು. ಹಾಗಾದರೆ ಆಟ ಯಾರು ಗೆದ್ದರು ಎಂದು ಕೇಳಿದರು. ಆ ಸಿನಿಮಾ ಎರಡು ಸಲ ನೋಡಿದ್ದರೂ ನನಗೆ ಹೇಳಲು ಬರಲಿಲ್ಲ. ಬರುವ ಭಾನುವಾರ ಮೂರನೇ ಸಲ ಹಾಕುತ್ತೇನೆ, ದಾದಾ ಪಕ್ಕದಲ್ಲಿ ಕುಳಿತು ಕೇಳುತ್ತಾರಂತೆ.